ಬೋರ್ಡಿನ ಮೇಲಿನ ಎಂಟು

ಜನವರಿ 14, ಮಂಗಳವಾರ. ಬೆಳಿಗ್ಗೆ 8.40

ಹದಿನಾರು ಜನ ಬಂದಿದ್ರು. ಹೊರಗೆ ಮಳೆ, ಒಳಗೆ ಬೆವರು. ತೂಕ ಹೇರಿ ನೆಲದ ಮೇಲೆ ತಳ್ಳೋ ಸ್ಲೆಡ್ಡಿನ ಹಗ್ಗ ಮತ್ತೆ ಕಿತ್ತುಹೋಗಿದೆ. ಜಿಮ್ಮಿನ ಮ್ಯಾನೇಜರ್ ನಿಯಾಗೆ ಮೂರನೇ ಸಲ ಹೇಳಿದೆ. "ನೋಡೋಣ ಯೆಸ್ಟಿನ್." ಮ್ಯಾನೇಜರ್ ಆದಾಗಿನಿಂದ ಅವಳಿಗೆ ಬೇರೆ ಮಾತೇ ಬರಲ್ಲ.

ಸ್ಲೆಡ್ ತಳ್ಳೋದು ಆರು ಸಲ. ನೆಲಕ್ಕೆ ಬಿದ್ದು, ಎದ್ದು, ಹತ್ತು ಮೀಟರ್ ಓಡೋದು. ಎದುರಾಳಿಯನ್ನ ಕೆಡವೋದು ಕಲಿಸೋ ಟ್ಯಾಕಲ್ ಚೀಲಕ್ಕೆ ಭುಜ ಕೊಟ್ಟು ಗುದ್ದೋದು. ಹನ್ನೊಂದು ವರ್ಷ ಪ್ರೊಫೆಷನಲ್ ರಗ್ಬಿ ಟೀಮಿನಲ್ಲಿ ನೂರಿಪ್ಪತ್ತು ಕಿಲೋ ಹುಡುಗರಿಗೆ ಮಾಡಿಸಿದ್ದೇ ಇದು. ಇಲ್ಲಿ ತೂಕ ಕಮ್ಮಿ, ಸುಧಾರಿಸಿಕೊಳ್ಳೋ ಹೊತ್ತು ಜಾಸ್ತಿ, ಅಷ್ಟೇ. ಗ್ಲೆನಿಸ್‌ಗೆ ಅರವತ್ತೆಂಟು, ಈ ಕಣಿವೆಯ ಅರ್ಧ ಜನರ ಕೂದಲು ಕತ್ತರಿಸಿ ರಿಟೈರ್ ಆದವಳು. ಇವತ್ತು ಚೀಲದ ಮುಂದೆ ನಿಂತು, "ಇದಕ್ಕೆ ನನ್ನ ಎರಡನೇ ಗಂಡನ ಮುಖ ಬರೆದುಕೊಡೋ ಮಗಾ, ಆಮೇಲೆ ನೋಡು ನನ್ನ ಗುದ್ದು" ಅಂದ್ಲು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬೋರ್ಡ್ ಚೆನ್ನಾಗಿ ನಡೀತಿದೆ. ಬಂದ ತಕ್ಷಣ ಹೆಸರಿನ ಮುಂದೆ ಅಂಕಿ ಬರೀಬೇಕು. ನಿದ್ದೆ, ಮೈನೋವು, ಮನಸ್ಸು — ಎಲ್ಲ ಸೇರಿ ಹತ್ತಕ್ಕೆ ಎಷ್ಟು. ಐದು ಅಥವಾ ಅದಕ್ಕಿಂತ ಕಮ್ಮಿ ಅಂದ್ರೆ ಅವತ್ತು ಸೈಕಲ್ ಮಾತ್ರ, ವಾದ ಇಲ್ಲ. ಟೀಮಿನಲ್ಲಿ ಇದು ಆಟಗಾರ ಮತ್ತು ಕೋಚ್ ನಡುವಿನ ಗುಟ್ಟಾಗಿತ್ತು. ನಾನು ಎಲ್ಲರೆದುರು ತಂದಿಟ್ಟೆ. ಕೆಳಗೆ ಕೆಂಪು ಪೆನ್ನಲ್ಲಿ ಸರಾಸರಿ ಬೇರೆ. ಗ್ಲೆನಿಸ್ ದಿನಾ ಫೋಟೋ ತೆಗೆದು ಗ್ರೂಪಿಗೆ ಹಾಕ್ತಾಳೆ. ಪೈಪೋಟಿ ಇದ್ರೆ ಜನ ತಪ್ಪಿಸಲ್ಲ.

ಇವತ್ತಿನ ಸರಾಸರಿ 6.8. ಏಳು ಮುಟ್ಟಲೇ ಇಲ್ಲ ಇನ್ನೂ.

ಜನವರಿ 16, ಗುರುವಾರ

ಹ್ಯೂ ಪ್ಯಾರಿ ಫೋನ್ ಮಾಡಿದ್ದ!! ಮೂರು ವರ್ಷ ಆಗಿತ್ತು ಅವನ ದನಿ ಕೇಳಿ. ಟೀಮಿನಲ್ಲಿ ನನ್ನ ಮೇಲಿನ ಕೋಚ್. ನನಗೆ ಎಲ್ಲ ಕಲಿಸಿದವನೂ ಅವನೇ, ನನ್ನನ್ನ ಕೆಲಸದಿಂದ ತೆಗೆದ ಕಾಗದಕ್ಕೆ ಸಹಿ ಹಾಕಿದವನೂ ಅವನೇ.

"ಏನಪ್ಪಾ, ಅಜ್ಜಿಯರಿಗೆ ಟ್ಯಾಕಲ್ ಕಲಿಸ್ತಿದೀಯಂತೆ?"

"ಬಂದು ನೋಡು. ನಿನ್ನ ಹುಡುಗರಿಗಿಂತ ಮಾತು ಕೇಳ್ತಾರೆ."

"ಬರ್ತೀನಿ. ಇಪ್ಪತ್ತೆಂಟಕ್ಕೆ. ಓಟದ ಪರೀಕ್ಷೆ ಮಾಡಿಸ್ತೀಯಾ ಇವರಿಗೂ?"

ಇಲ್ಲಿವರೆಗೆ ಮಾಡಿಸಿರಲಿಲ್ಲ. "ಓ, ಮಾಡಿಸ್ತೀನಿ" ಅಂದುಬಿಟ್ಟೆ. ಇಪ್ಪತ್ತು, ನಲವತ್ತು, ಅರವತ್ತು ಮೀಟರ್ ಹೋಗಿ ಬರೋ ಓಟ, ಬಿಡುವಿಲ್ಲದೆ. ನಾಲ್ಕು ಜನರ ನಾಲ್ಕು ಗುಂಪು ಮಾಡಿ ರಿಲೇ ಥರ ಮಾಡಿಸಬಹುದು. ಹದಿನಾರು ಜನ, ಲೆಕ್ಕ ಸರಿಯಾಗಿದೆ.

ಜನವರಿ 23, ಗುರುವಾರ

ಎಮ್ಲಿನ್ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದ. ಐವತ್ತೇಳು. ಕಣಿವೆಯ ಬಸ್ ಓಡಿಸ್ತಾನೆ. ಹೋದ ವರ್ಷ ಎದೆ ಬಿಗಿದು ಎರಡು ದಿನ ಆಸ್ಪತ್ರೆಯಲ್ಲಿದ್ದ, ಡಾಕ್ಟರೇ ವ್ಯಾಯಾಮಕ್ಕೆ ಕಳಿಸಿದ್ದು. ಇವತ್ತು ಹೆಂಡತಿ ಡೆಲಿತ್ ಜೊತೆಗೆ ಬಂದಿದ್ಲು, ಡಬ್ಬಿ ತುಂಬ ಒಣದ್ರಾಕ್ಷಿ ಬಿಸ್ಕತ್ತು. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕೋ ಕೈ, ರುಚಿ ಕೇಳಬೇಕಾ.

"ಇವನು ಅಂಕಿ ಸರಿಯಾಗಿ ಬರೀತಾನಾ ಯೆಸ್ಟಿನ್? ನನಗೆ ಆಣೆ ಮಾಡಿದಾನೆ. ಹುಷಾರಿಲ್ಲ ಅಂದ್ರೆ ಹುಷಾರಿಲ್ಲ ಅಂತ ಬರೀಬೇಕು ಅಂತ."

"ಬರೀತಾನಮ್ಮಾ. ಈ ಗುಂಪಿನಲ್ಲಿ ಸುಳ್ಳು ಹೇಳದವನು ಇವನೊಬ್ಬನೇ."

"ಗಂಡಸರ ಮಾತು!" ಅಂತ ಅವನ ತೋಳಿಗೊಂದು ಕೊಟ್ಟಳು. ಎಮ್ಲಿನ್ ಖುಷಿಯಾಗಿ ನಗ್ತಿದ್ದ.

ಜನವರಿ 28, ಮಂಗಳವಾರ. ಮಧ್ಯಾಹ್ನ

ಎಮ್ಲಿನ್ ಬದುಕಿದಾನೆ. ಕಾರ್ಡಿಫ್ ಆಸ್ಪತ್ರೆಗೆ ಹೆಲಿಕಾಪ್ಟರ್‌ನಲ್ಲಿ ಕರ್ಕೊಂಡು ಹೋದ್ರು.

ಇನ್ನೇನೂ ಬರೆಯೋಕಾಗಲ್ಲ.

ಜನವರಿ 31, ಶುಕ್ರವಾರ

ಎಲ್ಲರಿಗೂ ಗೊತ್ತಿರೋದು ಇಷ್ಟು. ಹೊರಗಿನ ಮೈದಾನದಲ್ಲಿ ಓಟ. ಎಮ್ಲಿನ್ ಎರಡನೇ ಸುತ್ತಿನಲ್ಲಿ ಅರವತ್ತು ಮೀಟರ್ ಗೆರೆ ಮುಟ್ಟಿ ತಿರುಗಿದ, ಮೂರು ಹೆಜ್ಜೆ ಇಟ್ಟ, ಮುಖ ಅಡಿಯಾಗಿ ಬಿದ್ದ. ನಾನು ಓಡಿದೆ. ಉಸಿರಿಲ್ಲ. ಎದೆ ಒತ್ತೋಕೆ ಶುರು ಮಾಡಿದೆ. ಗ್ಲೆನಿಸ್ ಒಳಗಿಂದ ಎದೆಗೆ ಶಾಕ್ ಕೊಡೋ ಪೆಟ್ಟಿಗೆ ತಂದ್ಲು. ಅರವತ್ತೆಂಟರ ಹೆಂಗಸು, ಅವಳಷ್ಟು ಜೋರಾಗಿ ಓಡಿದ್ದನ್ನ ಯಾವತ್ತೂ ನೋಡಿಲ್ಲ. ಎರಡನೇ ಶಾಕಿಗೆ ಎದೆ ಬಡಿದುಕೊಳ್ತು.

ಊರೆಲ್ಲ ನನ್ನ ಬೆನ್ನು ತಟ್ಟುತ್ತಿದೆ. ಬೇಕರಿಯವಳು ಬ್ರೆಡ್ಡಿಗೆ ಕಾಸು ತಗೊಳ್ಳಲಿಲ್ಲ. ಪೇಪರಿನಲ್ಲಿ ಫೋಟೋ.

ಯಾರಿಗೂ ಗೊತ್ತಿಲ್ಲದ್ದನ್ನ ಇಲ್ಲಾದ್ರೂ ಬರೀತೀನಿ.

ಅವತ್ತು ಎಮ್ಲಿನ್ ಮೊದಲು ಬಂದ. ನಾಲ್ಕು ಅಂತ ಬರೆದ. ಪಕ್ಕದಲ್ಲಿ "ನಿದ್ದೆ ಇಲ್ಲ, ದವಡೆ ನೋವು". ಎದೆ ಕೈಕೊಡೋ ಮುನ್ನ ದವಡೆ ನೋಯೋದುಂಟು. ಬರೆದು ಟಾಯ್ಲೆಟ್‌ಗೆ ಹೋದ. ನಾನು ನೋಡ್ತಾ ನಿಂತೆ. ಕಿಟಕಿಯಾಚೆ ಹ್ಯೂ ಕಾರು ನಿಲ್ಲಿಸ್ತಿದ್ದ. ಎಮ್ಲಿನ್ ಸೈಕಲ್ ಹತ್ತಿದ್ರೆ ಒಂದು ಗುಂಪಿನಲ್ಲಿ ಮೂರೇ ಜನ. ಸರಾಸರಿಯೂ ಮತ್ತೆ ಏಳು ಮುಟ್ಟಲ್ಲ. ಹೆಬ್ಬೆರಳಿಂದ ಅಳಿಸಿದೆ. ಎಂಟು ಅಂತ ಬರೆದೆ. ಪಕ್ಕದಲ್ಲಿದ್ದದ್ದನ್ನೂ ಅಳಿಸಿದೆ. ಇನ್ನೂ ಯಾರೂ ಒಳಗೆ ಬಂದಿರಲಿಲ್ಲ.

ಅವನು ವಾಪಸ್ ಬಂದು, "ಕೋಚ್, ನಂದು ಇವತ್ತು ಸೈಕಲ್ ಅಲ್ವಾ?" ಅಂದ. ಬೋರ್ಡಿನ ಕಡೆ ನೋಡಲೂ ಇಲ್ಲ.

"ನಿಧಾನಕ್ಕೆ ಓಡು ಮಾರಾಯಾ. ಆಳು ಸಾಲಲ್ಲ. ಇವತ್ತೊಂದಿನ."

"ಸರಿ, ನೀನು ಹೇಳಿದ್ರೆ ಸರಿ."

ಸರಾಸರಿ 7.1 ಬಂತು. ಹ್ಯೂಗೆ ತೋರಿಸಿದೆ. ಹಲ್ಲು ಕಿರಿದುಕೊಂಡು ತೋರಿಸಿದೆ. ಥೂ.

ಆಟಗಾರ ಕೊಟ್ಟ ಅಂಕಿ ಅವನದು, ಅದನ್ನ ಮುಟ್ಟಬೇಡ — ಹ್ಯೂ ನನಗೆ ಕಲಿಸಿದ ಮೊದಲ ಪಾಠ ಇದು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ. ಕೋಟಿಗಟ್ಟಲೆ ದುಡ್ಡಿನ ಪಂದ್ಯ ಇದ್ದಾಗಲೂ ಮುಟ್ಟಲಿಲ್ಲ. ಇಲ್ಲಿ, ಬಸ್ ಡ್ರೈವರು, ಅಜ್ಜಿಯರು ಬರೋ ಮಂಗಳವಾರದ ಕ್ಲಾಸಿನಲ್ಲಿ ಮುಟ್ಟಿದೆ.

ಫೆಬ್ರವರಿ 4, ಮಂಗಳವಾರ

ನಿಯಾ ಅಪಘಾತದ ಫಾರಂ ತಂದಿಟ್ಟಳು. "ಬರಿ, ನಾನು ಟೀ ಮಾಡ್ತೀನಿ."

'ವ್ಯಕ್ತಿ ಅಂದು ತನ್ನ ಆರೋಗ್ಯದ ಬಗ್ಗೆ ಏನು ತಿಳಿಸಿದ್ದರು?' ಒಂದು ಚೌಕ. ಗ್ಲೆನಿಸ್ ತೆಗೆದ ಫೋಟೋನ ಪ್ರಿಂಟ್ ಮಾಡಿ ಜೊತೆಗೆ ಪಿನ್ ಮಾಡಿದ್ಲು. ಎಮ್ಲಿನ್ — 8. ನನ್ನದೇ ಅಕ್ಷರ. ಯಾರಿಗೂ ಅನುಮಾನ ಬಂದಿಲ್ಲ, ಅಂಕಿಗೆ ಯಾರ ಅಕ್ಷರ ಅಂತ ಯಾರು ನೋಡ್ತಾರೆ.

'8' ಅಂತ ಬರೆದೆ. ಸಹಿ ಹಾಕಿದೆ.

"ಪಾಪ, ಎಮ್ಲಿನ್ ಸುಳ್ಳು ಬರೆದುಬಿಟ್ಟ. ನಿನ್ನ ತಪ್ಪೇನಿಲ್ಲ ಯೆಸ್ಟಿನ್, ತಲೆಗೆ ಹಚ್ಕೋಬೇಡ" ಅಂದ್ಲು ನಿಯಾ. ಟೀಗೆ ಸಕ್ಕರೆ ಎರಡು ಚಮಚ ಹಾಕಿದ್ಲು, ನಾನು ಕೇಳದೇನೇ.

ಫೆಬ್ರವರಿ 8, ಶನಿವಾರ

ಆಸ್ಪತ್ರೆಗೆ ಹೋಗಿದ್ದೆ. ದ್ರಾಕ್ಷಿ ತಗೊಂಡು ಹೋದೆ. ಎಲ್ಲರೂ ದ್ರಾಕ್ಷಿನೇ ತಂದಿದಾರೆ.

ಎಮ್ಲಿನ್ ಇಳಿದುಹೋಗಿದಾನೆ. ನನ್ನ ನೋಡಿ ಮುಖ ಅರಳಿತು. "ಎದೆ ಒತ್ತಿ ಒತ್ತಿ ಪಕ್ಕೆಲುಬು ಮೂರು ಮುರಿದಿದೀಯ ಕಣೋ. ನಕ್ಕರೆ ಜೀವ ಹೋಗುತ್ತೆ, ನಗಿಸಬೇಡ."

ಆ ಬೆಳಿಗ್ಗೆ ಅವನಿಗೆ ಜ್ಞಾಪಕವೇ ಇಲ್ಲ. ಒಂದು ಚೂರೂ ಇಲ್ಲ. ಸೋಮವಾರ ಸಂಜೆ ಬಟಾಣಿ ತಿಂದದ್ದು ಗೊತ್ತು, ಆಮೇಲೆ ಕಣ್ಣು ಬಿಟ್ಟದ್ದು ಈ ಹಾಸಿಗೆಯಲ್ಲಿ. ಹೀಗಾದವರಿಗೆ ಆ ಹೊತ್ತು ವಾಪಸ್ ಬರೋದೇ ಇಲ್ಲವಂತೆ, ಡಾಕ್ಟರ್ ಹೇಳಿದ್ರಂತೆ.

ನನ್ನ ಒಳಗೆ ಏನೋ ಸಡಿಲಾಯ್ತು. ಹಗುರಾಯ್ತು. ಬರೀತಿದೀನಿ, ಯಾಕಂದ್ರೆ ಅದೂ ನಿಜ. ಒಬ್ಬ ಮನುಷ್ಯ ತನ್ನ ನೆನಪು ಕಳ್ಕೊಂಡ ಅಂತ ಕೇಳಿ ನನಗೆ ಹಾಯೆನಿಸಿತು.

ಆಮೇಲೆ ಅವನು ದನಿ ತಗ್ಗಿಸಿ, "ಕೋಚ್, ಕ್ಷಮಿಸಪ್ಪಾ. ಎಂಟು ಅಂತ ಬರೆದಿದ್ದೆನಂತೆ. ಯಾಕೆ ಬರೆದೆ ಅಂತ ಯೋಚಿಸಿ ಯೋಚಿಸಿ ಸಾಕಾಯ್ತು. ನಿನ್ನ ದೊಡ್ಡ ಮನುಷ್ಯ ಬರ್ತಾನೆ ಅಂತ ಶೋಕಿ ಮಾಡಿರ್ಬೇಕು. ನಿನಗೂ ಕೆಟ್ಟ ಹೆಸರು ತರ್ತಿದ್ದೆ" ಅಂದ.

ಡೆಲಿತ್ ಕಿಟಕಿ ಹತ್ರ ನಿಂತಿದ್ಲು. ತಿರುಗದೆ ಹೇಳಿದ್ಲು, "ಒಂದೇ ಒಂದು ಮಾತು ಕೇಳಿದ್ದೆ ಇವನ ಹತ್ರ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಂದೇ ಒಂದು."

"ಡೆಲ್..."

"ನೀನು ಮಾತಾಡಬೇಡ."

ಬಾಯಿವರೆಗೂ ಬಂತು. ಅಷ್ಟರಲ್ಲಿ ನರ್ಸ್ ಬಂದ್ಲು. — ಸುಳ್ಳು. ನರ್ಸ್ ಬರದಿದ್ರೂ ಹೇಳ್ತಿರಲಿಲ್ಲ.

ಫೆಬ್ರವರಿ 13, ಗುರುವಾರ

ಹ್ಯೂ ಫೋನ್. ಟೀಮಿನ ಅಕಾಡೆಮಿಯಲ್ಲಿ ಹುಡುಗರಿಗೆ ಕೋಚ್ ಬೇಕಂತೆ. ವಾರಕ್ಕೆ ಮೂರು ದಿನ. "ಅವತ್ತು ನಿನ್ನ ತಲೆ ಎಷ್ಟು ತಣ್ಣಗಿತ್ತು ಅಂತ ನೋಡಿದೆ. ಅಂಥವನು ಬೇಕು ನನಗೆ."

ಮೂರು ವರ್ಷದಿಂದ ಕಾದಿದ್ದೆ ಈ ಮಾತಿಗೆ. ಈಗ ಬಂತು, ಈ ಸುಳ್ಳಿನ ಮೇಲೆ ಬಂತು. ಯೋಚಿಸಿ ಹೇಳ್ತೀನಿ ಅಂದೆ.

ಊರಿನ ರಗ್ಬಿ ಕ್ಲಬ್ಬಿನವರು ಸಂತ ಡೇವಿಡ್ ಹಬ್ಬಕ್ಕೆ, ಮಾರ್ಚ್ ಒಂದಕ್ಕೆ, ನನಗೆ ಸನ್ಮಾನ ಇಟ್ಕೊಂಡಿದಾರೆ. ಊಟ, ಭಾಷಣ, ಸಹಿ ಹಾಕಿದ ಜರ್ಸಿ. ಬೇಡ ಅಂದೆ. "ಎಷ್ಟು ನಾಚಿಕೆ ನೋಡ್ರೋ ಇವನಿಗೆ" ಅಂತ ಇನ್ನೂ ಹೊಗಳಿದ್ರು.

ಫೆಬ್ರವರಿ 22, ಶನಿವಾರ. ಬೆಳಿಗ್ಗೆ 11

ಒಂಬತ್ತು ದಿನ ಪುಸ್ತಕ ತೆರೆಯಲಿಲ್ಲ. ತೆರೆದರೆ ಬರೀಬೇಕಲ್ಲ.

ಕ್ಲಾಸ್ ನಡೆಸ್ತಿದೀನಿ. ಬೋರ್ಡ್ ತೆಗೆದು ಸ್ಟೋರಿಗೆ ಹಾಕಿದೆ. ಈಗ ಒಬ್ಬೊಬ್ಬರನ್ನ ಪಕ್ಕಕ್ಕೆ ಕರೆದು ಕೇಳ್ತೀನಿ. ಜನ ನಿಜ ಹೇಳ್ತಾರೆ. ಆರು ಜನ ಅಂದ್ರು, ಬೋರ್ಡಿದ್ದಾಗ ಎರಡು ಸೇರಿಸಿ ಬರೀತಿದ್ವಿ ಅಂತ. ನಿಜವೇ ಬರೀತಾನೆ ಅಂತ ಕಣ್ಣು ಮುಚ್ಚಿ ನಂಬಬಹುದಾಗಿದ್ದವನು ಎಮ್ಲಿನ್ ಒಬ್ಬನೇ. ಅವನದ್ದನ್ನೇ ಅಳಿಸಿದೆ.

ಗ್ಲೆನಿಸ್ ಇವತ್ತು ಕ್ಲಾಸ್ ಮುಗಿದ ಮೇಲೆ ಶೂ ಬಿಚ್ತಾ ಹೇಳಿದ್ಲು. ಎಮ್ಲಿನ್ ಮನೆಗೆ ಬಂದಿದಾನೆ. ಬಸ್ ಲೈಸೆನ್ಸ್ ಹೋಯ್ತು. ಡಿಪೋದ ಹುಡುಗರು ತಮಾಷೆಗೆ 'ಮಿಸ್ಟರ್ ಎಂಟು' ಅಂತ ಕಾರ್ಡ್ ಕಳಿಸಿದಾರೆ. ಡೆಲಿತ್ ಮಾತ್ರೆ ಹೊತ್ತಿಗೆ ಬಿಟ್ರೆ ಅವನ ಜೊತೆ ಮಾತಿಲ್ಲ. ಕೆಳಗಿನ ರೂಮಿನಲ್ಲಿ ಅವನು, ಮೇಲೆ ಅವಳು.

"ಆಣೆ ಮುರಿದ ಅನ್ನೋದೇ ಅವಳಿಗೆ. ಸಾಯೋದು ಬೇಕಾದ್ರೆ ಸಾಯಲಿ, ನನಗೆ ಸುಳ್ಳು ಹೇಳಿ ಸಾಯ್ತಿದ್ದನಲ್ಲ ಅಂತಾಳೆ. ಇವನೋ, ದಿನಕ್ಕೆ ಹತ್ತು ಸಲ ತಪ್ಪಾಯ್ತು ತಪ್ಪಾಯ್ತು ಅಂತಾನಂತೆ. ಏನು ತಪ್ಪಾಯ್ತು ಅಂತ ಇವನಿಗೇ ನೆನಪಿಲ್ಲ, ಪಾಪದ ಮುಂಡೇದು."

ಶೂ ಲೇಸ್ ಕಟ್ಟೋ ನೆಪ ಮಾಡಿ ಬಗ್ಗಿದೆ. ಮುಖ ತೋರಿಸೋಕಾಗಲಿಲ್ಲ.

ನಾನು ಅವನ ಅಂಕಿ ತಗೊಂಡೆ ಅಂದ್ಕೊಂಡಿದ್ದೆ. ಅವನ ಮಾತಿನ ಬೆಲೆನೇ ತಗೊಂಡಿದೀನಿ. ಹೆಂಡತಿ ಹತ್ರ, ಊರಿನ ಹತ್ರ, ಅವನ ಹತ್ರವೇ.

ಫೆಬ್ರವರಿ 24, ಸೋಮವಾರ. ಸಂಜೆ 5

ಹೇಳಿದೆ.

ಶಾಲೆಗೆ ವಾರ ರಜ, ಡೆಲಿತ್ ಮನೆಯಲ್ಲೇ ಇದ್ಲು. ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಎಮ್ಲಿನ್ ಮುಂದಿನ ರೂಮಿನಲ್ಲಿ ಕಂಬಳಿ ಹೊದ್ದು ಕೂತಿದ್ದ. ಕೂತ್ಕೋ ಅಂದ. ಕೂರಲಿಲ್ಲ. ಕೂತ್ರೆ ಹವಾಮಾನದ ಮಾತಾಡಿ ಎದ್ದು ಬಂದುಬಿಡ್ತಿದ್ದೆ.

"ಎಮ್ಲಿನ್, ನೀನು ಎಂಟು ಬರೆದಿರಲಿಲ್ಲ. ನಾಲ್ಕು ಬರೆದಿದ್ದೆ. ನಾನು ಅಳಿಸಿ ಎಂಟು ಮಾಡಿದೆ. ಸೈಕಲ್ ಅಲ್ವಾ ಅಂತ ಕೇಳಿದೆ ನೀನು. ನಾನೇ ಓಡು ಅಂದೆ."

ಕಂಬಳಿ ಸರಿಮಾಡಿಕೊಂಡ. ಅರ್ಥ ಆಗಲಿಲ್ವೇನೋ ಅಂತ ಮತ್ತೊಂದು ಸಲ ಹೇಳಿದೆ. ಎರಡನೇ ಸಲ ಇನ್ನೂ ಕಷ್ಟ ಆಯ್ತು.

"ನಾಲ್ಕು?"

"ನಾಲ್ಕು. ನಿದ್ದೆ ಇಲ್ಲ, ದವಡೆ ನೋವು ಅಂತಾನೂ ಬರೆದಿದ್ದೆ."

"ನಾನೇ? ನನ್ನ ಕೈಯಲ್ಲಿ?"

"ನಿನ್ನ ಕೈಯಲ್ಲೇ."

ಕೆನ್ನೆಗೆ ಬಾರಿಸ್ತಾನೆ ಅಂತ ಕಾದೆ. ಅವನು ಕುರ್ಚಿಯ ಕೈ ಹಿಡಿದು ಎದ್ದ, ಪಕ್ಕೆ ಒತ್ತಿಕೊಂಡು, ಅಡುಗೆಮನೆ ಕಡೆ ತಿರುಗಿ ಕೂಗಿದ. "ಡೆಲ್! ಡೆಲ್, ಬಾರೇ ಇಲ್ಲಿ! ನಾನು ನಾಲ್ಕು ಬರೆದಿದ್ದೆ ಕಣೇ! ನಾಲ್ಕು ಬರೆದಿದ್ದೆ!" ಮಗು ಥರ ಅಳ್ತಾ, ನಗ್ತಾ, ನೋವಿಗೆ ಅಯ್ಯೋ ಅಂತ, ಮತ್ತೆ ನಗ್ತಾ. ಇಷ್ಟು ಖುಷಿ ಆ ಮುಖದಲ್ಲಿ ನಾನು ಕಂಡಿರಲಿಲ್ಲ. ಇದಕ್ಕಿಂತ ಹೊಡೆದಿದ್ರೆ ಚೆನ್ನಾಗಿತ್ತು.

ಡೆಲಿತ್ ಬಾಗಿಲಲ್ಲಿ ನಿಂತಿದ್ಲು, ಕೈಯಿಂದ ನೊರೆ ಸೋರ್ತಿತ್ತು. ಎಲ್ಲ ಕೇಳಿಸಿಕೊಂಡಿದ್ಲು. ಗಂಡನ ಮುಖ ನೋಡಿದ್ಲು, ನನ್ನ ಮುಖ ನೋಡಿದ್ಲು.

"ಇಪ್ಪತ್ತೇಳು ದಿನ" ಅಂದ್ಲು. "ಇಪ್ಪತ್ತೇಳು ದಿನ ನಾನು ಈ ಮನುಷ್ಯನ ಕೈ ಹಿಡೀಲಿಲ್ಲ. ಪೈಪು ಚುಚ್ಚಿಕೊಂಡು ಮಲಗಿದ್ದಾಗ ಕೂಡ ಹಿಡೀಲಿಲ್ಲ. ಅದನ್ನ ಯಾರು ವಾಪಸ್ ಕೊಡ್ತೀರಿ?"

ನೊರೆ ಕೈಯಲ್ಲೇ ನನ್ನ ಎದೆಗೆ ಬೆರಳು ತೋರಿಸಿದ್ಲು.

"ಆಸ್ಪತ್ರೆಗೆ ದ್ರಾಕ್ಷಿ ತಂದೆ. ಇವನು ನಿನ್ನ ಹತ್ರ ಕ್ಷಮೆ ಕೇಳಿದಾಗ ನಿಂತು ಕೇಳಿಸ್ಕೊಂಡೆ. ಕೇಳಿಸ್ಕೊಂಡೆಯಲ್ಲೋ!"

"ಹೂಂ."

"ಹೋಗು ಇಲ್ಲಿಂದ."

ಎಮ್ಲಿನ್ ಬಾಗಿಲವರೆಗೆ ಬಂದ. ಕಣ್ಣೊರೆಸಿಕೊಂಡು, "ನೋಡು, ಈಗ ಖುಷಿ ಆಗಿದೆ ನನಗೆ. ಅದರಲ್ಲಿ ಬೇರೇನೂ ಹೊಳೀತಿಲ್ಲ. ಸಿಟ್ಟು ನಾಳೆನೋ ನಾಡಿದ್ದೋ ಬರುತ್ತೆ. ಬಂದಾಗ ಫೋನ್ ಮಾಡ್ತೀನಿ. ಎತ್ತಬೇಕು ನೀನು" ಅಂದ.

ಎತ್ತುತ್ತೀನಿ ಅಂದೆ.

ಫೆಬ್ರವರಿ 26, ಬುಧವಾರ. ಬೆಳಿಗ್ಗೆ 10.30

ಫೋನ್ ಬಂತು. ಎತ್ತಿದೆ.

ಇಪ್ಪತ್ತು ನಿಮಿಷ ಬೈದ. ಎಮ್ಲಿನ್ ಬಾಯಲ್ಲಿ ಆ ಮಾತುಗಳಿವೆ ಅಂತ ಗೊತ್ತಿರಲಿಲ್ಲ. ಬಸ್ಸಿನ ಮಾತಿಗೆ ಬಂದಾಗ ದನಿ ಒಡೀತು. "ಇಪ್ಪತ್ತಾರು ವರ್ಷ ಕಣೋ. ಬೆಳಿಗ್ಗೆ ಮೊದಲ ಬಸ್ಸು ನಂದು. ಈಗ ಕಿಟಕಿಯಲ್ಲಿ ಕೂತು ಇನ್ಯಾವನೋ ಓಡಿಸೋದನ್ನ ನೋಡ್ತೀನಿ. ಗೇರ್ ಹಾಕೋಕೂ ಬರಲ್ಲ ಅವನಿಗೆ." ಕೊನೆಗೆ ಏದುಸಿರು ಬಂದು ನಿಲ್ಲಿಸಿದ. ಹಿಂದಿನಿಂದ ಡೆಲಿತ್, "ಸಾಕು, ಕೂತ್ಕೋ, ಎದೆ ನೋಡ್ಕೋ" ಅಂದದ್ದು ಕೇಳಿಸ್ತು. ಅವನ ಜೊತೆ ಮಾತಾಡ್ತಿದಾಳೆ.

"ಶನಿವಾರ ನೀನು ಜರ್ಸಿ ತಗೊಳ್ಳೋಕೆ ಹೋಗ್ತೀಯಾ?" ಅಂದ.

"ಹೋಗಲ್ಲ."

"ಹೋಗಬೇಕು. ನನ್ನನ್ನ ಸುಳ್ಳ ಅಂದವರೆಲ್ಲ ಅಲ್ಲೇ ಕೂತಿರ್ತಾರೆ. ಅವರ ಮುಂದೆ ಹೇಳು. ನಮ್ಮನೆ ರೂಮಿನಲ್ಲಿ ಹೇಳಿದ್ರೆ ಸಾಲಲ್ಲ."

ಅವನು ಫೋನ್ ಇಟ್ಟ ಮೇಲೆ, ಧೈರ್ಯ ಆರೋ ಮೊದಲೇ, ಎರಡು ಕೆಲಸ ಮಾಡಿದೆ. ನಿಯಾಗೆ ಹೇಳಿ ಹೊಸ ಫಾರಂ ಬರೆದೆ, ಸರಿಯಾದದ್ದು. "ನೋಡೋಣ" ಅನ್ನಲಿಲ್ಲ ಅವಳು. ಬೀಗದ ಕೈ ಕೊಟ್ಟು ಹೋಗು, ಮೇಲಿನವರು ಕರೀತಾರೆ ಅಂದ್ಲು. ಆಮೇಲೆ ಹ್ಯೂಗೆ ಫೋನ್. ಒಂದೂ ಬಿಡದೆ ಹೇಳಿದೆ.

"ನೀನು ಅಂಕಿ ಮುಟ್ಟಿದೆ."

"ಹೂಂ."

"ನಾನು ನೋಡ್ತೀನಿ ಅಂತ."

"ಹೂಂ."

ಇಟ್ಟುಬಿಟ್ಟ. ಅಕಾಡೆಮಿ ವಿಷಯ ಇಬ್ಬರೂ ಎತ್ತಲಿಲ್ಲ.

ಮಾರ್ಚ್ 1, ಶನಿವಾರ. ಮಧ್ಯಾಹ್ನ 12.50

ಕ್ಲಬ್ಬಿನ ಹಿಂದೆ, ಕಾರಿನಲ್ಲಿ. ಕೋಟಿಗೆ ಹಬ್ಬದ ಡ್ಯಾಫೊಡಿಲ್ ಹೂವು ಚುಚ್ಚಿಕೊಂಡು ಮದುಮಗನ ಥರ ಕೂತಿದೀನಿ. ಒಳಗೆ ಎಂಬತ್ತು ಜನ ಇರಬಹುದು. ಹಾಡ್ತಿದಾರೆ. ಕುರಿಮಾಂಸದ ಸಾರಿನ ವಾಸನೆ ಇಲ್ಲಿವರೆಗೂ ಬರ್ತಿದೆ.

ಗ್ಲೆನಿಸ್ ಆಗಲೇ ಬಂದು ಕಿಟಕಿ ಬಡಿದು ಹೋದ್ಲು. ಅವಳಿಗೆ ಇನ್ನೂ ಗೊತ್ತಿಲ್ಲ. "ಹೀರೋ, ಬಾರೋ, ನಿನಗೋಸ್ಕರ ತುಟಿಗೆ ಬಣ್ಣ ಹಚ್ಚಿಕೊಂಡು ಬಂದಿದೀನಿ!" ನಾಳೆಯಿಂದ ಮಗಾ ಅಂತ ಕರೀತಾಳೋ ಇಲ್ಲವೋ. ಕರೀದಿದ್ರೆ ತಪ್ಪೇನಿಲ್ಲ.

ಎಮ್ಲಿನ್ ಈಗ ಬಂದ. ಡೆಲಿತ್ ತೋಳು ಹಿಡಿದುಕೊಂಡು, ನಿಧಾನಕ್ಕೆ. ನನ್ನ ಕಾರು ನೋಡಿ ನಿಂತ. ಅವಳು ನಿಲ್ಲಲಿಲ್ಲ, ನೋಡಲೂ ಇಲ್ಲ, ಒಳಗೆ ಹೋದಳು. ಕಿಟಕಿ ಇಳಿಸಿದೆ.

"ಏನ್ ಬರೀತಿದೀಯ, ಭಾಷಣಾನಾ?"

"ಇಲ್ಲ. ಸುಮ್ಮನೆ."

"ಮುಂದಿನ ಸಾಲಲ್ಲೇ ಕೂತಿರ್ತೀವಿ. ಅವಳು ನಗಲ್ಲ, ಈಗಲೇ ಹೇಳಿರ್ತೀನಿ. ನಾನೂ ನಗಲ್ಲ."

"ಬೇಡ."

"ತಡ ಮಾಡಬೇಡ. ಇವರು ಜರ್ಸಿ ಕೊಟ್ಟುಬಿಟ್ರೆ ಆಮೇಲೆ ಹೇಳೋಕೆ ಇನ್ನೂ ಕಷ್ಟ."

ಹೋದ. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತಗೊಂಡ. ನನ್ನ ಕಾಲು ಓಡಿಹೋಗಿ ತೋಳು ಕೊಡೋಕೆ ನೋಡಿತು. ಕೊಡಲಿಲ್ಲ. ಆ ಹಕ್ಕು ಈಗ ನನಗಿಲ್ಲ.

ಹಾಡು ನಿಂತಿತು. ಅಧ್ಯಕ್ಷರು ಮೈಕಿನಲ್ಲಿ ನನ್ನ ಹೆಸರು ಕರೀತಿದಾರೆ. ಚಪ್ಪಾಳೆ. ಮೊದಲು ಎಮ್ಲಿನ್ ಬರೆದದ್ದು ಏನು ಅಂತ ಹೇಳ್ತೀನಿ, ನನ್ನದು ಆಮೇಲೆ. ಅಷ್ಟೇ ಗೊತ್ತಿರೋದು, ಅದರ ಮುಂದೆ ಏನು ಅಂತ ಗೊತ್ತಿಲ್ಲ. ಹೋಗ್ತೀನಿ.